ಬಾಯಲ್ಲಿ ಗುಂಡುಸೂಜಿ ಇರಲಿಲ್ಲ

ಬಾಯಲ್ಲಿ ಗುಂಡುಸೂಜಿ ಇಲ್ಲದ ಟೈಲರ್ ಅಜ್ಜನನ್ನು ಆ ಬೀದಿಯವರು ನೋಡಿದ್ದು ಅಪರೂಪ. ಊಟ, ನಿದ್ದೆಯ ಹೊತ್ತು ಬಿಟ್ಟರೆ ನಾಲ್ಕೈದು ಸೂಜಿಗಳು ತುಟಿಯ ಎಡಮೂಲೆಯಲ್ಲಿ ಇರಲೇಬೇಕು. ಉಳಿದ ಅರ್ಧ ಬಾಯಲ್ಲೇ ಅವರ ಮಾತು, ನಗು, ಜಗಳ ಎಲ್ಲ ನಡೆಯುತ್ತಿತ್ತು. ಹೊಸ ಗಿರಾಕಿ ಬಂದರೆ ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಅಜ್ಜಿಯೇ ಬಿಡಿಸಿ ಹೇಳಬೇಕು: "ತೋಳು ಎತ್ತಿ ಅಂತಿದಾರಪ್ಪ. ಬಯ್ತಿಲ್ಲ, ಹೆದರ್ಕೋಬೇಡ."

ನಲವತ್ತೆರಡು ವರ್ಷದಿಂದ ಇಬ್ಬರೂ ಅದೇ ಅಂಗಡಿಯಲ್ಲಿ. ಅವರು ಕತ್ತರಿಸಿ ಹೊಲಿಯುವುದು, ಇವರು ಗುಂಡಿ ಹಾಕಿ ಇಸ್ತ್ರಿ ಮಾಡುವುದು. ಗಂಡ ಕೆಮ್ಮಿದರೆ ಸಾಕು, ಯಾವ ಬಣ್ಣದ ದಾರ ಬೇಕು ಅಂತ ಅಜ್ಜಿಗೆ ಗೊತ್ತಾಗುತ್ತಿತ್ತು. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಒಂದು ದಿನ ಪಕ್ಕದ ಬೀದಿಯ ನರ್ಸಮ್ಮ ಯೂನಿಫಾರ್ಮ್ ಹೊಲಿಯಲು ಕೊಟ್ಟು ಹೋಗಿದ್ದಳು. ಹೋಗುವಾಗ ಸುಮ್ಮನೆ ಹೋಗಲಿಲ್ಲ.

"ಅಜ್ಜ, ಬಿಪಿ ಮಾತ್ರೆ ದಿನಾ ತಗೋತಿದೀರಾ?"

"ಚೆನ್ನಾಗಿದೀನಲ್ಲ, ಬಿಟ್ಬಿಟ್ಟೆ" ಎಂದರು ಅಜ್ಜ ಅರ್ಧ ಬಾಯಲ್ಲಿ.

"ಮಾತ್ರೆ ತಗೊಂಡಿದ್ದಕ್ಕೇ ಚೆನ್ನಾಗಿದ್ರಿ! ಬಿಪಿ ಏರಿದ್ರೆ ಸ್ಟ್ರೋಕ್ ಆಗ್ಬಹುದು. ಲಕ್ವ ಹೊಡೀತು ಅಂತೀವಲ್ಲ, ಅದೇ. ಅಜ್ಜಿ, ನೀವಾದ್ರೂ ನೆನಪಿಟ್ಕೊಳ್ಳಿ. ಇದ್ದಕ್ಕಿದ್ದ ಹಾಗೆ ಮುಖ ಒಂದು ಕಡೆ ಜೋತುಬಿದ್ರೆ, ಒಂದು ಕೈ ಸೋತ್ರೆ, ಮಾತು ತೊದಲಿದ್ರೆ, ಒಂದೇ ಒಂದು ಕಂಡ್ರೂ ಕಾಯ್ಬೇಡಿ."

ಅಜ್ಜಿ ಕೈಯಲ್ಲಿದ್ದ ಶರಟನ್ನು ಕೆಳಗಿಟ್ಟು ನಕ್ಕೇಬಿಟ್ಟರು. "ಮುಖ ಸೊಟ್ಟ, ಮಾತು ತೊದಲು! ಹಾಗಾದ್ರೆ ಇವರಿಗೆ ಮದುವೆಯಾದ ದಿನದಿಂದ್ಲೂ ಲಕ್ವ ಹೊಡೆದಿದೆ ಬಿಡಮ್ಮ."

ಮೂವರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು.

ಒಂದು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಅಜ್ಜ ನರ್ಸಮ್ಮನ ಯೂನಿಫಾರ್ಮಿಗೆ ತೋಳು ಕೂಡಿಸುತ್ತಿದ್ದರು. ಅಜ್ಜಿ ಗುಂಡಿ ಆರಿಸುತ್ತಾ, "ರೀ, ಕತ್ತರಿ ಎಲ್ಲಿಟ್ರಿ?" ಎಂದರು. ಅಜ್ಜ ಏನೋ ಗೊಣಗಿದರು.

"ಸೂಜಿ ತೆಗೆದು ಮಾತಾಡಿ ಮಾರಾಯ್ರೇ."

ಮತ್ತೆ ಅದೇ ಗೊಣಗು. ಅವರ ಎಡಗೈಯಿಂದ ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಅಜ್ಜಿ ಎದ್ದು ಹೋಗಿ ಅದನ್ನು ಎತ್ತಿ ಕೊಡುತ್ತಾ, "ಇಷ್ಟು ಬೇಗ ತೂಕಡಿಕೆನಾ?" ಎಂದು ಬೈದು ಬಂದು ಕೂತರು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದಳು. ಅಜ್ಜಿ ಯೂನಿಫಾರ್ಮ್ ತೆಗೆದು ತೋರಿಸಹೋದರೆ, ತೋಳಿನ ಹೊಲಿಗೆ ಎತ್ತೆತ್ತಲೋ ಓಡಿತ್ತು.

"ಅಯ್ಯೋ, ಇದೇನ್ರೀ ಇದು? ಕನ್ನಡಕ ಬದಲಾಯಿಸಿ ಅಂತ ಬಡ್ಕೊಂಡೆ, ಕೇಳಿದ್ರಾ? ಬಿಡಿ, ನಾನೇ ಬಿಚ್ಚಿ ಸೂಜಿ ಚುಚ್ಚಿಡ್ತೀನಿ" ಎಂದು ಅಜ್ಜಿ ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ ಕೈಹಾಕಿದರು.

ದಿಂಬಿನ ತುಂಬ ಸೂಜಿಗಳಿದ್ದವು. ಒಂದೂ ಕಮ್ಮಿ ಇರಲಿಲ್ಲ.

ಅಜ್ಜಿ ತಲೆ ಎತ್ತಿ ಗಂಡನ ಮುಖ ನೋಡಿದರು. ಬಾಯಲ್ಲಿ ಸೂಜಿ ಇರಲಿಲ್ಲ. ಆದರೂ ತುಟಿಯ ಎಡಮೂಲೆ ಕೆಳಗೆ ಜೋತುಬಿದ್ದಿತ್ತು, ಅಲ್ಲಿಂದ ಜೊಲ್ಲು ಇಳಿದಿತ್ತು.

"ನರ್ಸಮ್ಮಾ, ಇಲ್ನೋಡು!"

ನರ್ಸಮ್ಮ ಚೀಲ ಕೆಳಗೆ ಹಾಕಿ ಅಜ್ಜನ ಮುಂದೆ ಮಂಡಿಯೂರಿ ಕೂತಳು. "ಅಜ್ಜ, ಒಂದ್ಸಲ ನಗಿ." ನಗು ಬಲಗಡೆ ಮಾತ್ರ ಮೂಡಿತು. "ಎರಡೂ ಕೈ ಮುಂದೆ ಚಾಚಿ ಹಿಡ್ಕೊಳ್ಳಿ." ಬಲಗೈ ನಿಂತಿತು, ಎಡಗೈ ಮೆಲ್ಲಗೆ ಇಳಿದು ತೊಡೆಯ ಮೇಲೆ ಬಿತ್ತು. "ಇವತ್ತು ಬಿಸಿಲು ಜೋರಾಗಿದೆ ಅನ್ನಿ." ಅಜ್ಜ ಅಂದರು. ಅಜ್ಜಿಗೂ ಅದು ಅರ್ಥವಾಗಲಿಲ್ಲ.

ನರ್ಸಮ್ಮ ಆಗಲೇ ಫೋನ್ ಕಿವಿಗಿಟ್ಟಿದ್ದಳು. "ಆಂಬುಲೆನ್ಸ್ ಬೇಕು. ಸ್ಟ್ರೋಕ್ ಇರೋ ಹಾಗಿದೆ. ಮಿದುಳಿನ ಸ್ಕ್ಯಾನ್ ಮಾಡೋ ಆಸ್ಪತ್ರೆಗೇ ಹೋಗ್ಬೇಕು... ಅಜ್ಜಿ, ಇವರು ಕೊನೇಗೆ ಸರಿಯಾಗಿದ್ದಿದ್ದು ಯಾವಾಗ? ಡಾಕ್ಟರು ಮೊದಲು ಕೇಳೋದೇ ಅದನ್ನ."

"ಮೇಷ್ಟ್ರು ಪ್ಯಾಂಟ್ ತಗೊಂಡು ಹೋಗೋವಾಗ ಸರಿಯಾಗಿದ್ರು. ಅವರ ಹೊಟ್ಟೆ ಬಗ್ಗೆ ತಮಾಷೆ ಮಾಡಿದ್ರು. ಹತ್ತು ಗಂಟೆ. ಗಡಿಯಾರ ನೋಡಿದೀನಿ." ಈಗ ಹತ್ತೂವರೆಯಾಗಿತ್ತು. ಅಜ್ಜಿ ನೀರಿನ ಚೆಂಬು ಎತ್ತಿಕೊಂಡರು. "ಒಂದು ಗುಟುಕು ಕುಡಿಸಿ, ಬಿಟ್ಟಿದ್ದ ಮಾತ್ರೆ ನುಂಗಿಸ್ಲಾ? ಸ್ವಲ್ಪ ಮಲಗಿದ್ರೆ ಸರಿಹೋಗ್ಬಹುದೇನೋ..."

"ನೀರೂ ಬೇಡ, ಮಾತ್ರೆನೂ ಬೇಡ. ಶ್ವಾಸಕ್ಕೆ ಹೋದ್ರೆ ಕಷ್ಟ. ಮಲಗಿಸಿ ಕಾಯೋದಂತೂ ಬೇಡವೇ ಬೇಡ. ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗೋ ನಾಳ ಕಟ್ಕೊಂಡಿರ್ಬೇಕು ಅಜ್ಜಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ, ಆದ್ರೆ ಅದಕ್ಕೆ ಶುರುವಾದ ನಾಲ್ಕೂವರೆ ಗಂಟೆ ಒಳಗೇ ಹೋಗ್ಬೇಕು. ಎಷ್ಟು ಬೇಗ ಹೋದ್ರೆ ಅಷ್ಟು ಒಳ್ಳೇದು."

ಅಜ್ಜ ತಲೆಯಾಡಿಸಿ, ಬಲಗೈಯಿಂದ ಸೊಟ್ಟ ತೋಳನ್ನು ತೋರಿಸಿದರು. ಅದನ್ನು ಸರಿಮಾಡದೆ ಏಳುವುದಿಲ್ಲ ಎಂಬ ಹಟ. ಅಜ್ಜಿ ಆ ಬಟ್ಟೆಯನ್ನು ಕಿತ್ತುಕೊಂಡು ಮೂಲೆಗೆಸೆದರು.

"ನಲವತ್ತೆರಡು ವರ್ಷ ನೀವು ಹೇಳಿದ ಕಡೆ ಗುಂಡಿ ಹಾಕಿದೀನಿ. ಇವತ್ತೊಂದಿನ ನನ್ನ ಮಾತು ಕೇಳಿ. ನೀವಿಲ್ದೆ ನಾನು ಯಾರ ಗೊಣಗಾಟ ಬಿಡಿಸಿ ಹೇಳ್ಲಿ?"

ಅಜ್ಜ ಬಲಗೈಯನ್ನು ಅಜ್ಜಿಯ ಕಡೆ ಚಾಚಿದರು. ಅಷ್ಟರಲ್ಲಿ ಆಂಬುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಹೆಪ್ಪು ಕಂಡಿತು. ಇಂಜೆಕ್ಷನ್ ಕೊಟ್ಟಾಗ ಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು. ಹೊರಗಿನ ಬೆಂಚಿನ ಮೇಲೆ ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು. "ಅವರ ಬಾಯಿ ನಂಗೆ ಗೊತ್ತು ಗೊತ್ತು ಅಂದ್ಕೊಂಡೇ ಅರ್ಧ ಗಂಟೆ ಕಳೆದ್ಬಿಟ್ಟೆನಲ್ಲಮ್ಮ" ಎಂದು ಅತ್ತರು. ನರ್ಸಮ್ಮ ಅವರ ಕೈ ಹಿಡಿದುಕೊಂಡು ಕೂತಳು.

ಕೆಲವು ದಿನಗಳ ಮೇಲೆ ಅಜ್ಜ ಮನೆಗೆ ಬಂದರು. ಮಾತು ಪೂರ್ತಿ ಮರಳಿದೆ. ಎಡಗೈ ಬೆರಳುಗಳು ಇನ್ನೂ ಸ್ವಲ್ಪ ಮೊಂಡು. ವ್ಯಾಯಾಮಕ್ಕೆಂದು ದಿನಾ ಡಬ್ಬಿಯಿಂದ ಗುಂಡಿ ಆರಿಸುತ್ತಾರೆ. ಬಿಪಿ ಮಾತ್ರೆ ತಪ್ಪಿಸುವುದಿಲ್ಲ. ಬಾಯಿಗೆ ಸೂಜಿ ಇಡುವುದಕ್ಕೆ ಅಂಗಡಿಯಲ್ಲಿ ಅಪ್ಪಣೆಯಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅಜ್ಜಿ ಎದುರು ನಿಲ್ಲುತ್ತಾರೆ.

"ನಗಿ. ಕೈ ಎತ್ತಿ. ಹೂಂ, ಈಗ ಹೇಳಿ."

"ನನ್ನ ಹೆಂಡತಿ ಹೇಳಿದ್ದೇ ಸರಿ."

"ಕೇಳಿಸ್ಲಿಲ್ಲ, ಇನ್ನೊಂದ್ಸಲ."

ಅಜ್ಜ ಇನ್ನೊಂದು ಸಲ, ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರ ಮುಖ ನಿಮಗೆ ಚೆನ್ನಾಗಿ ಗೊತ್ತು ಅಂತ ನೋಡದೆ ಇರಬೇಡಿ. ಇದ್ದಕ್ಕಿದ್ದಂತೆ ಮುಖ ಜೋತುಬಿದ್ದರೆ, ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ, ಕಣ್ಣು ಮಂಜಾದರೆ, ನಡಿಗೆ ತಪ್ಪಿದರೆ, ಗಂಟೆ ನೋಡಿಕೊಳ್ಳಿ, ಆಂಬುಲೆನ್ಸ್ ಕರೆಯಿರಿ. ಐದು ನಿಮಿಷಕ್ಕೆ ಸರಿಹೋದ ಹಾಗೆ ಕಂಡರೂ ಆಸ್ಪತ್ರೆಗೆ ಹೋಗಿ. ಇದನ್ನು ಓದಿ ಮುಗಿಸಿದ ಮೇಲೆ, ಎದ್ದು ಹೋಗಿ ನಿಮ್ಮ ಅಜ್ಜನನ್ನೋ ಅಮ್ಮನನ್ನೋ ಒಮ್ಮೆ ನಗಿಸಿ, ಆ ನಗು ಹೇಗಿದೆ ಅಂತ ಸರಿಯಾಗಿ ನೋಡಿಟ್ಟುಕೊಳ್ಳಿ. ಅದು ಬದಲಾದ ದಿನ ನಿಮಗೇ ಮೊದಲು ಗೊತ್ತಾಗಬೇಕು.