ಪ್ರಾಪ್ತಿಯ ಮೂರನೇ ಸಂಬಂಧ

"ಹುಡುಗಿ ಪೂರ್ತಿ ಇಲ್ಲಿ ಇಲ್ಲವಂತೆ, ಹೌದಾ?" ವಾರಿಜಕ್ಕ ಚಹಾದ ಲೋಟ ಕೆಳಗಿಟ್ಟು ಕೇಳಿದರು.

ಮದುವೆ ಮಾತುಕತೆಯಲ್ಲಿ ಹುಡುಗಿಯ ಬಣ್ಣ ಕೇಳುತ್ತಾರೆ, ಓದು ಕೇಳುತ್ತಾರೆ. ಇಂಥ ಪ್ರಶ್ನೆಯನ್ನು ಮುಂಡಾಜೆಯಲ್ಲಿ ಈವರೆಗೆ ಯಾರೂ ಕೇಳಿರಲಿಕ್ಕಿಲ್ಲ. ಆದರೆ ಇಲ್ಲಿ ಹುಡುಗಿಯೂ ಇಲ್ಲ, ಹುಡುಗನೂ ಇಲ್ಲ. ಕಾಂತಿಯ ಮಗಳು ಪ್ರಾಪ್ತಿ ತೀರಿಹೋಗಿ ಮೂರು ವರ್ಷ. ನೆರಿಯದ ವಾರಿಜಕ್ಕನ ಮಗ ಅಶ್ವಿತ್ ಹೊಳೆಯ ಪಾಲಾದಾಗ ಎಂಟು ವರ್ಷದವನು. ಇದ್ದಿದ್ದರೆ ಈಗ ಇಪ್ಪತ್ತಾರು. ಮದುವೆಯಾಗದೆ ಸತ್ತವರಿಗೂ ಆಟಿ ತಿಂಗಳಲ್ಲಿ ಜೊತೆ ಹುಡುಕಿ ಧಾರೆ ಎರೆಯುವುದು ಈ ಕಡೆಯ ಪದ್ಧತಿ. ಸತ್ತರೇನಾಯಿತು, ಮಗಳಿಗೆ ಸೇರಲು ಒಂದು ಮನೆ ಬೇಡವೇ? ಕಾಂತಿಗಿದ್ದದ್ದು ಅದೊಂದೇ ಆಸೆ.

ತೊಡಕು ಬೂದಿಯದ್ದು. ಉಜಿರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಪ್ರಾಪ್ತಿ ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡು, "ನನ್ನ ಬೂದಿ ಒಂದು ಚಿಟಿಕೆ ಮೇಲೆ ಕಳಿಸಿ ಅಮ್ಮ, ರಾಕೆಟಿನಲ್ಲಿ ಕಳಿಸುವವರು ಇದ್ದಾರೆ" ಎಂದಿದ್ದಳು. ಸಾಯುವ ಮಗುವಿಗೆ ಇಲ್ಲ ಎನ್ನಲಿಕ್ಕೆ ಯಾವ ತಾಯಿಗೆ ಬಾಯಿ ಬರುತ್ತದೆ? ವಿದೇಶದ ಕಂಪೆನಿಯೊಂದು ಆ ಚಿಟಿಕೆಯನ್ನು ಭೂಮಿಯ ಸುತ್ತ ತಿರುಗುವ ಹಾಗೆ ಮೇಲೆ ಕಳಿಸಿತು. ಉಳಿದದ್ದು ನೇತ್ರಾವತಿಗೆ. ಇದನ್ನು ಕೇಳಿಯೇ ಎರಡು ಸಂಬಂಧ ತಪ್ಪಿಹೋಗಿದ್ದವು. ಅರ್ಧಂಬರ್ಧ ಸೊಸೆ ನಮಗೆ ಬೇಡ ಮಾರಾಯ್ರೆ, ಎಂದುಬಿಟ್ಟಿದ್ದರು.

"ಕೆಳಗೆ ಬಿತ್ತು, ಮುಗೀತು ಅಂತ ಹೇಳು" ಎಂದು ಗಂಡ ಅಣ್ಣು ಬೆಳಿಗ್ಗೆಯಿಂದ ಹೇಳಿಕೊಟ್ಟಿದ್ದ. ಈಗ ಕಣ್ಣಲ್ಲೇ ಗದರಿಸುತ್ತಿದ್ದ. ಆ ಸುಳ್ಳು ಕಾಂತಿಯ ನಾಲಿಗೆಯ ತುದಿಗೆ ಬಂದದ್ದೂ ನಿಜ.

"ಬಿದ್ದಿಲ್ಲ ಅಕ್ಕ" ಎಂದಳು. "ಇನ್ನೂ ಸುತ್ತುತ್ತಾ ಉಂಟು. ದಿನಕ್ಕೆ ಹದಿನೈದು ಸುತ್ತಂತೆ. ಸುಳ್ಳು ಹೇಳಿ ಮಗಳನ್ನು ಕೊಡ್ಲಿಕ್ಕೆ ನನ್ನಿಂದಾಗುವುದಿಲ್ಲ."

ಅಣ್ಣು ಹಣೆ ಚಚ್ಚಿಕೊಂಡ. ಇದೂ ಹೋಯಿತು ಎಂದು ಗೋಡೆಯ ಕಡೆ ಮುಖ ತಿರುಗಿಸಿ ಕೂತ.

ವಾರಿಜಕ್ಕ ಕೆಳಗಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. "ನನ್ನ ಹುಡುಗ ಧರ್ಮಸ್ಥಳ ಬಿಟ್ಟರೆ ಒಂದೂರು ನೋಡಿದವನಲ್ಲ" ಎಂದರು. "ಅವನನ್ನೂ ಒಂದು ಸುತ್ತು ಕರ್ಕೊಂಡು ಹೋಗ್ತಾಳಾ?"

ಕಾಂತಿ ಬಾಯಿಗೆ ಸೆರಗು ಒತ್ತಿಕೊಂಡು ಹೂಂ ಎಂದು ತಲೆಯಾಡಿಸಿದಳು.

"ಹಾಗಾದರೆ ಆಟಿಯಲ್ಲೇ ಮಾಡುವ. ಧಾರೆ ಸೀರೆ ನಾವು ತರ್ತೇವೆ. ಕೆಂಪು ಆಗಬಹುದಲ್ಲ?"

"ಕೆಂಪು ಬೇಡ ಅಕ್ಕ" ಎಂದ ಅಣ್ಣು, ಗೋಡೆಯ ಕಡೆಯಿಂದ ತಿರುಗದೆ. "ಎಷ್ಟು ಹೇಳಿದರೂ ಅವಳು ಉಡುವುದಿಲ್ಲ."