ಚಮಚ ಸಕ್ಕರೆಗೆ ದೊಡ್ಡ ಡಬ್ಬಿ

ಲೋಟ ತುಂಬಿದ ಮೇಲೂ ಈ ಕಾಫಿ ಯಂತ್ರ ಎರಡು ಹನಿ ಉದುರಿಸಿತು, ಉದುರಿಸಲಿ, ಇವತ್ತು ಇದರ ಮೇಲೂ ನನಗೆ ಸಿಟ್ಟಿಲ್ಲ, ಗೆದ್ದೆ, ಗೆದ್ದೇಬಿಟ್ಟೆ, ಸೋಮವಾರ ಇಡೀ ಆಸ್ಪತ್ರೆಗೆ ಹೋಗಬೇಕಿದ್ದ ಸಾಫ್ಟ್‌ವೇರ್ ನಿಂತಿತು, ಬಾಗಿಲಾಚೆ ಮ್ಯಾನೇಜರು ಆಸ್ಪತ್ರೆಯವರ ಜೊತೆ ಫೋನಿನಲ್ಲಿ ಬೆಣ್ಣೆಯಾಗಿದ್ದಾರೆ, ಹೌದು ಸರ್, ಈಗಲೇ ಬಂದ್ ಮಾಡಿಸ್ತೀವಿ, ಸರಿಹೋಗೋವರೆಗೂ ಕೊಡಲ್ಲ — ಬೆಳಿಗ್ಗೆ ಇದೇ ಬಾಯಿ ಏನೆಂದಿತ್ತು, ಏನಮ್ಮಾ, ನಾಲ್ಕಕ್ಷರ ಸೋರಿದ್ರೆ ಆಕಾಶ ಕಳಚಿ ಬೀಳುತ್ತಾ, ಅಪಾಯ ಕಡಿಮೆ ಅಂತ ಬರೆದು ಮುಗಿಸು — ಅಪಾಯ ಅಳೆಯುವುದಕ್ಕೇ ನನಗೆ ಸಂಬಳ, ನಾನು ಗಂಭೀರ ಎಂದು ಬರೆಯುವುದು, ಅವರು ಹೊಡೆದುಹಾಕುವುದು, ಅಕ್ಕಪಕ್ಕದವರು ಮುಸಿಮುಸಿ ನಗುವುದು, ಇವಳಿಗೆ ಎಲ್ಲೆಲ್ಲೂ ಗುಮ್ಮ ಕಾಣುತ್ತೆ ಅಂತ, ನಗಲಿ, ಅವರ್ಯಾರ ಮನೆಯಲ್ಲೂ ನಮ್ಮ ದೊಡ್ಡಮ್ಮ ಇರಲಿಲ್ಲ, ಪಾತ್ರೆ ತುಂಬದೆ ಕಳಿಸಲು ಅವಳಿಗೆ ಮನಸ್ಸೇ ಬರದು, ಚಮಚ ಸಕ್ಕರೆಗೆ ನಾನು ದೊಡ್ಡ ಡಬ್ಬಿ ಒಯ್ಯುತ್ತಿದ್ದೆ, ಕಳ್ಳಿ ನಾನು, ಅವಳು ಒಂದು ಚಮಚ ಹಾಕಿ ಉಳಿದ ಜಾಗಕ್ಕೆ ಪಕ್ಕದಲ್ಲಿ ಕೈಗೆ ಸಿಕ್ಕಿದ್ದೆಲ್ಲ ಸುರಿಯುವಳು, ದ್ರಾಕ್ಷಿ, ಗೋಡಂಬಿ, ಒಮ್ಮೆ ದೊಡ್ಡಪ್ಪನ ಕಣ್ಣು ತಪ್ಪಿಸಿ ಬಚ್ಚಿಟ್ಟಿದ್ದ ಕಿವಿಯೋಲೆ — ಈ ಪ್ರೋಗ್ರಾಮೂ ಅವಳೇ, ಮೂರಕ್ಷರ ಕಳಿಸಿ ಮೂರು ಸಾವಿರ ವಾಪಸು ಕೊಡು ಎಂದರೆ ಅಳತೆ ನೋಡುವುದಿಲ್ಲ, ಮೂರು ಕೊಟ್ಟು ಮಿಕ್ಕದ್ದನ್ನು ಮೆಮೊರಿಯಲ್ಲಿ ಪಕ್ಕದಲ್ಲೇನು ಬಿದ್ದಿದೆಯೋ ಅದರಿಂದ ತುಂಬಿಸುತ್ತದೆ, ಯಾರದೋ ಪಾಸ್‌ವರ್ಡ್, ಯಾರದೋ ರಕ್ತದ ವರದಿ, ಬೀಗ ಮುರಿದ ಗುರುತೂ ಇರುವುದಿಲ್ಲ, ಬೇಕಾದಷ್ಟು ಸಲ ಕೇಳಬಹುದು.

ಸರಿ, ತೋರ್ಸು ನೋಡೋಣ, ಅಂದರು ಮ್ಯಾನೇಜರು ಕೊನೆಗೆ, ಪ್ರಯೋಗಕ್ಕೆಂದು ಒಂದು ವಾರ್ಡಿನಲ್ಲಿ ಈ ಪ್ರೋಗ್ರಾಮು ಆಗಲೇ ಓಡುತ್ತಿತ್ತು, ಆಸ್ಪತ್ರೆಯವರ ಒಪ್ಪಿಗೆಯೂ ಇತ್ತು, ಎಲ್ಲರೆದುರು ಗೋಡೆಯ ಪರದೆಯ ಮೇಲೆ ನಾನು ಡಬ್ಬಿ ಚಾಚಿದೆ, ಅರ್ಥವಿಲ್ಲದ ಅಕ್ಷರಗಳ ಕಸ ಬಂತು, ಮತ್ತೆ ಚಾಚಿದೆ, ಕಸ, ಯಾರೋ ಬೇಕೆಂದೇ ಕೆಮ್ಮಿದರು, ಮತ್ತೊಮ್ಮೆ — ಕಸದ ನಡುವೆ ರೋಗಿಯೊಬ್ಬ ಡಾಕ್ಟರಿಗೆ ಬರೆದ ಸಾಲು, ಕಪ್ಪು ಪರದೆ, ಬಿಳಿ ಅಕ್ಷರ, ಮಗಳಿಗೆ ಹೇಳಬೇಡಿ, ಅವಳು ತಡ್ಕೊಳಲ್ಲ — ಕೆಮ್ಮು ನಿಂತಿತು, ಮ್ಯಾನೇಜರೇ ಎದ್ದು ಪರದೆ ಆರಿಸಿದರು, ನೀನು ಬರೆದಿದ್ದೇ ಇರ್ಲಮ್ಮ, ಗಂಭೀರ, ಅಂದರು, ಆಹಾ, ಆ ಮುಖ, ದೊಡ್ಡಮ್ಮನಿಗೆ ಫೋನ್ ಮಾಡಬೇಕು, ನಿನ್ನ ಧಾರಾಳ ಬುದ್ಧಿ ಇವತ್ತು ಒಂದು ಆಸ್ಪತ್ರೆನೇ ಉಳಿಸ್ತು ಕಣೇ ಅಂತ, ಕುಣಿಯೋಣ ಎನಿಸುತ್ತಿದೆ, ಈ ಖಾಲಿ ಪಡಸಾಲೆಯಲ್ಲಿ ನೋಡುವವರು ಯಾರು, ಇನ್ನು ಅಂಥ ಇನ್ನೊಂದು ಸಾಲು ಹೊರಗೆ ಬೀಳದು, ಆ ಒಂದು ಮಾತ್ರ ಬಿತ್ತು, ಯಾರ ಮಗಳೋ, ನನ್ನ ವಯಸ್ಸಿನವಳೇ ಇರಬಹುದು, ಅವಳೂ ಈಗ ಎಲ್ಲೋ ಕಾಫಿ ಹಿಡಿದು ನಿಂತು ಅಪ್ಪನಿಗೆ ಏನೂ ಇಲ್ಲವಂತೆ ಎಂದು ಯಾರಿಗೋ ಹೇಳುತ್ತಿರಬಹುದು, ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ, ಕಪ್ಪು ಪರದೆ, ಬಿಳಿ ಅಕ್ಷರ, ಮಗಳಿಗೆ ಹೇಳಬೇಡಿ