ಖದೀಜಮ್ಮನ ವೈರ್‌ಲೆಸ್

ಕುಕ್ಕುಂದೂರಿನ ಖದೀಜಮ್ಮನಿಗೆ ಮೂರು ಲಾರಿಗಳಿದ್ದವು. ಗಂಡ ತೀರಿಕೊಂಡ ಮೇಲೆ, ಬಜಗೋಳಿಯ ಕಲ್ಲಿನ ಕೋರೆಯಿಂದ ಕಾರ್ಕಳ, ಉಡುಪಿಗೆ ಕೆಂಪುಕಲ್ಲು ಸಾಗಿಸುವ ವ್ಯವಹಾರವನ್ನು ಆಕೆಯೇ ನೋಡಿಕೊಳ್ಳುತ್ತಿದ್ದಳು. ಲಾರಿ ಎಲ್ಲಿದೆ, ಯಾವಾಗ ಬರುತ್ತದೆ ಎಂದು ತಿಳಿಯದೆ ದಿನವಿಡೀ ಗೇಟಿನ ಬಳಿ ನಿಂತು ಸಾಕಾಗಿ, ೧೯೮೩ರಲ್ಲಿ ದೆಹಲಿಯಿಂದ ಲೈಸೆನ್ಸ್ ತರಿಸಿ, ಕೆಲಸ ಮುಗಿಸಿ ಹೊರಟಿದ್ದ ಒಬ್ಬ ಕಂಟ್ರಾಕ್ಟರನ ಹಳೆಯ ವೈರ್‌ಲೆಸ್ ಸೆಟ್ಟುಗಳನ್ನು ಕೊಂಡಳು.

ಅವುಗಳನ್ನು ಜೋಡಿಸಲು ಬಂದವಳು ಝೀಟಾ. ಡಿಪ್ಲೊಮಾ ಮುಗಿಸಿ ಉಡುಪಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಹುಡುಗಿ. ಚಾನೆಲ್ ನಿರ್ಧರಿಸುವ ಹಳೆಯ ಕ್ರಿಸ್ಟಲ್ ಹರಳುಗಳನ್ನು ಕಿತ್ತು, ಲೈಸೆನ್ಸಿನಲ್ಲಿ ಬರೆದ ಚಾನೆಲಿನ ಹೊಸ ಹರಳುಗಳನ್ನು ಕೂರಿಸಿ, ಒಂದೊಂದು ಸೆಟ್ಟನ್ನೂ ತಿರುಪು ತಿರುಗಿಸಿ ಶ್ರುತಿ ಮಾಡಿದಳು. ಲಾರಿಗಳ ಬ್ಯಾಟರಿಯಿಂದ ನೇರ ವಯರು ಎಳೆದು ಫ್ಯೂಸು ಹಾಕಿದಳು. ಮನೆಯ ಮಾಡಿನ ಮೇಲೆ ಎತ್ತರದ ಏರಿಯಲ್ ಎದ್ದಿತು.

"ಕೋರೆಯ ಗಲಾಟೆಯಲ್ಲಿ ಡ್ರೈವರುಗಳಿಗೆ ಕೇಳಬೇಕಲ್ಲ, ಪ್ರತಿ ಲಾರಿಯ ಹೊರಗೊಂದು ದೊಡ್ಡ ಸ್ಪೀಕರ್ ಹಾಕು ಮಗಳೇ" ಎಂದಳು ಖದೀಜಮ್ಮ. ಝೀಟಾ ಹಾಕಿಕೊಟ್ಟಳು.

ತಿಂಗಳು ಕಳೆಯುವ ಮೊದಲೇ ಫೋನು ಬಂತು: ಡ್ರೈವರ್ ಶೀನನ ಲಾರಿಯ ಸೆಟ್ಟು ಸತ್ತಿದೆ. ಝೀಟಾ ಬಸ್ಸು ಹಿಡಿದು ಬಂದು ನೋಡಿದರೆ ಸೆಟ್ಟು ಚೆನ್ನಾಗಿಯೇ ಇದೆ. ಮುಂದಿನ ವಾರ ಮತ್ತೆ ಅದೇ ಫೋನು, ಮತ್ತೆ ಅದೇ ಕಥೆ. ತಾನು ಮಾಡಿದ ಕೆಲಸದಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿಯದೆ ಅವಳಿಗೆ ಊಟ ರುಚಿಸಲಿಲ್ಲ. ಮೂರನೆಯ ಸಲ ಕುಕ್ಕುಂದೂರಿನಲ್ಲಿ ಇಳಿಯದೆ ನೇರ ಬಜಗೋಳಿಗೇ ಹೋದಳು.

ಕೋರೆಯ ಬಳಿಯ ಹೋಟೆಲಿನ ಮುಂದೆ ಶೀನನ ಲಾರಿ ನಿಂತಿತ್ತು. ಬಾನೆಟ್ ಎತ್ತಿದಳು. ಫ್ಯೂಸಿನ ಜಾಗ ಖಾಲಿ! ಗೋಳಿಬಜೆ ತಿನ್ನುತ್ತಿದ್ದ ಶೀನ ಕೈ ಒರೆಸಿಕೊಳ್ಳುತ್ತ ಓಡಿಬಂದ.

"ಫ್ಯೂಸ್ ಎಲ್ಲುಂಟು ಶೀನಣ್ಣ?"

ಅವನು ಅಂಗಿಯ ಜೇಬಿನಿಂದ ತೆಗೆದು ಕೊಟ್ಟ. "ಎಂತ ಮಾಡುವುದು ಬಾಯಮ್ಮ? ನೀವೇ ಹಾಕಿ ಕೇಳಿ."

ಝೀಟಾ ಫ್ಯೂಸು ಹಾಕಿದಳೋ ಇಲ್ಲವೋ, ಸ್ಪೀಕರ್ ಗುಡುಗಿತು: "ಶೀನಾ! ಬಜೆ ತಿಂದದ್ದು ಸಾಕು! ನಿನ್ನದು ಹೊಟ್ಟೆಯಾ, ಗೋಣಿಯಾ? ಹೊರಡು!"

ಹೋಟೆಲಿಗೆ ಹೋಟೆಲೇ ನಕ್ಕಿತು. ಸಪ್ಲೈಯರನು "ಗೋಣಿ ಶೀನಣ್ಣನಿಗೆ ಇನ್ನೊಂದು ಪ್ಲೇಟ್!" ಎಂದು ಕೂಗಿದ. ಶೀನನ ಕಿವಿ ಕೆಂಪಾಯಿತು.

"ಬೈದರೆ ಬೈಯಲಿ. ನಾನು ಅವರ ಅನ್ನ ತಿಂದವನು," ಎಂದ ಅವನು ಮೆಲ್ಲಗೆ. "ಆದರೆ ಊರಿಗೆಲ್ಲ ಕೇಳುವ ಹಾಗೆ ಬೈಯಬಾರದಲ್ವಾ? ಉತ್ತರ ಕೊಡುವ ಅಂದರೆ ಅವರು ಬಟನಿನಿಂದ ಕೈಯೇ ತೆಗೆಯುವುದಿಲ್ಲ."

ಝೀಟಾಳಿಗೆ ನಗು ಬಂತು, ಪಾಪ ಅನ್ನಿಸಿತು, ಆ ಸ್ಪೀಕರ್ ಹಾಕಿದವಳು ತಾನೇ ಎಂಬುದೂ ನೆನಪಾಯಿತು. ಅವನ ಲಾರಿಯಲ್ಲೇ ಕುಕ್ಕುಂದೂರಿಗೆ ಬಂದಳು.

"ಖದೀಜಮ್ಮ, ಸೆಟ್ಟು ಹಾಳಾಗಿಲ್ಲ. ನಿಮ್ಮ ಸ್ವರಕ್ಕೆ ಹೆದರಿ ಶೀನಣ್ಣ ಫ್ಯೂಸ್ ತೆಗೆದಿಡುತ್ತಾರೆ, ಇಲ್ಲಿಗೆ ಬರುವಾಗ ಮತ್ತೆ ಹಾಕುತ್ತಾರೆ," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಖದೀಜಮ್ಮ ಶೀನನ ಕಡೆಗೆ ತಿರುಗಿದಳು. "ನಾನು ಅಷ್ಟು ಜೋರಾಗಿ ಮಾತಾಡುತ್ತೇನಾ?"

"ಹೌದು!" ಎಂದು ಬೇಲಿಯಾಚೆಯಿಂದ ನೆರೆಮನೆಯ ಕುಶಲಾ ಉತ್ತರಿಸಿದಳು. "ನಮ್ಮ ಕರು ಹಾಲು ಕುಡಿಯುವುದನ್ನು ಬಿಟ್ಟು ಓಡುತ್ತದೆ."

ಖದೀಜಮ್ಮ ತಲೆಗೆ ಹೊದ್ದ ತಟ್ಟಿಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ದೂರ ಬಜಗೋಳಿಯಲ್ಲವಾ, ಕೂಗದಿದ್ದರೆ ಮುಟ್ಟುವುದು ಹೇಗೆ ಅಂತ ತಿಳಿದಿದ್ದೆ ಮಾರಾಯ್ತಿ!"

ಝೀಟಾ ಅಂದೇ ಕೆಲಸಕ್ಕೆ ಇಳಿದಳು. ಶೀನನ ಲಾರಿಯ ದೊಡ್ಡ ಸ್ಪೀಕರ್ ಬಿಚ್ಚಿ, ಆ ವಯರುಗಳಿಗೆ ಹಳೆಯ ಟೆಲಿಫೋನಿನ ರಿಸೀವರ್ ಜೋಡಿಸಿದಳು. ಕರೆ ಬಂದರೆ ಸಣ್ಣ ಬಜರ್ ಗುಂಯ್ಗುಡುತ್ತದೆ. ಎತ್ತಿ ಕಿವಿಗಿಟ್ಟವನಿಗೆ ಮಾತ್ರ ಮಾತು ಕೇಳುತ್ತದೆ. ಮಾತಾಡಿ ಮುಗಿದ ಕೂಡಲೇ "ಓವರ್" ಎಂದು ಬಟನು ಬಿಡುವುದನ್ನು ಖದೀಜಮ್ಮನಿಗೆ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದಳು.

ಮರುದಿನ ಉಳಿದೆರಡು ಲಾರಿಗಳಿಗೆ ವಯರು ಎಳೆಯುತ್ತಿದ್ದಾಗ, ಒಳಗೆ ಸೆಟ್ಟು ಕರಕರ ಎಂದಿತು. ಶೀನ ತಾನಾಗಿ ಕರೆದದ್ದು ಅದೇ ಮೊದಲು. "ಅಮ್ಮ, ಕಲ್ಲು ತುಂಬಿಸಿ ಆಯಿತು. ಹೊರಟೆ. ಓವರ್."

ಖದೀಜಮ್ಮ ಮೈಕನ್ನು ತುಟಿಯ ಹತ್ತಿರ ಹಿಡಿದು, ಮಲಗಿದ ಮಗುವನ್ನು ಎಬ್ಬಿಸಬಾರದೆಂಬಂತೆ ಪಿಸುಗುಟ್ಟಿದಳು: "ಆಯಿತು ಶೀನ, ಜಾಗ್ರತೆಯಲ್ಲಿ ಬಾ. ಓವರ್."

"ಎಂತ ಅಮ್ಮ? ಕೇಳುವುದಿಲ್ಲ. ಸ್ವಲ್ಪ ಜೋರಾಗಿ ಮಾತಾಡಿ!"

ಅಂಗಳದಲ್ಲಿದ್ದ ಝೀಟಾ ಇಕ್ಕಳ ಕೆಳಗಿಟ್ಟು ನಕ್ಕಳು. ಖದೀಜಮ್ಮ ಅವಳತ್ತ ತಿರುಗಿ, "ನೋಡಿದೆಯಾ ಮಗಳೇ, ಅವನೇ ಹೇಳಿದ್ದು!" ಎಂದು ಬಟನು ಒತ್ತಿ, ತನ್ನ ನಿಜವಾದ ಸ್ವರದಲ್ಲಿ ಶುರುಮಾಡಿದಳು. ಬೇಲಿಯಾಚೆ ಕರು ಬಾಲವೆತ್ತಿ ಗದ್ದೆಯ ಕಡೆಗೆ ಓಡಿತು.